ಫೈಲ್ ಇದೆ, ಬೇಕಾದಾಗ ಸಿಗುವುದಿಲ್ಲ: ಸಾಫ್ಟ್‌ವೇರ್ ಟೀಮಿನ ದಾಖಲೆ ಜೋಡಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಮೈಸೂರಿನ ಹೆಬ್ಬಾಳದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಲೀಡ್ ಆಗಿದ್ದೇನೆ. ಒಟ್ಟು 14 ಜನ ಇದ್ದೇವೆ. ಮಂಡ್ಯ ಜಿಲ್ಲೆಯ ಕೆಲವು ಹಾಲು ಉತ್ಪಾದಕರ ಸಂಘಗಳಿಗೆ ಹಾಲಿನ ಲೆಕ್ಕ ಮತ್ತು ಬಟವಾಡೆಯ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ನಮ್ಮ ದಾಖಲೆಗಳು ಐದು ಕಡೆ ಚದುರಿವೆ. ಕೆಲಸದ ಪಟ್ಟಿ ಜಿರಾದಲ್ಲಿ, ಡಿಸೈನ್ ಗೂಗಲ್ ಡ್ರೈವ್‌ನಲ್ಲಿ, ಕ್ಲೈಂಟ್ ಹೇಳಿದ್ದು ವಾಟ್ಸಾಪ್‌ನಲ್ಲಿ, ಒಪ್ಪಿಗೆ ಇಮೇಲ್‌ನಲ್ಲಿ, ಉಳಿದದ್ದು ಯಾರದ್ದೋ ಲ್ಯಾಪ್‌ಟಾಪ್‌ನ ಎಕ್ಸೆಲ್‌ನಲ್ಲಿ. ಕಳೆದ ತಿಂಗಳು ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿ, ‘ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು, ನೀರು ಬಿಟ್ಟು ಉಳಿಯುವ ಘನಾಂಶ) ಲೆಕ್ಕದಲ್ಲಿ ಕೊನೆಗೆ 0.36 ಸೇರಿಸ್ತೀರಲ್ಲ, ಅದು ಎಲ್ಲಿಂದ ಬಂತು, ಯಾರು ಹೇಳಿದ್ದು?’ ಎಂದು ಕೇಳಿದರು. ಎರಡು ದಿನ ಹುಡುಕಿದರೂ ಉತ್ತರ ಸಿಗಲಿಲ್ಲ. ಅದನ್ನು ಬರೆದ ಸೀನಿಯರ್ ಈಗ ಬೆಂಗಳೂರಿಗೆ ಹೊರಟಿದ್ದಾರೆ, ಇನ್ನು 30 ದಿನ ನೋಟಿಸ್ ಪೀರಿಯಡ್. ಬಾಸ್ ‘ಕಾನ್‌ಫ್ಲುಯೆನ್ಸ್ ತಗೊಳ್ಳೋಣ’ (ದಾಖಲೆಗಳನ್ನು ಒಂದೆಡೆ ಬರೆದಿಡುವ ಟೂಲ್) ಅಂತಾರೆ. ಹುಡುಗರು ‘ನಾವು ಅಜೈಲ್ (ಸಣ್ಣ ಸಣ್ಣ ಹಂತಗಳಲ್ಲಿ ಸಾಫ್ಟ್‌ವೇರ್ ಮಾಡುವ ಪದ್ಧತಿ), ಡಾಕ್ಯುಮೆಂಟ್ ಬೇಡ’ ಅಂತಾರೆ. ನಾನು ಎರಡು ಭಾನುವಾರ ಕೂತು ಚೆನ್ನಾಗಿ ಫೋಲ್ಡರ್ ಮಾಡಿದೆ. ಯಾರೂ ಬಳಸಲಿಲ್ಲ. ಹಳೆಯ ಫೈಲೇ 1,100 ಇವೆ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಬೇಕಾದ ಫೈಲ್ ಬೇಕಾದಾಗ ಸಿಗುವುದಿಲ್ಲ. ಫೈಲ್ ಸಿಕ್ಕಿದರೂ ‘ಯಾಕೆ ಹೀಗೆ ಮಾಡಿದ್ದೇವೆ’ ಎಂಬುದು ಅದರಲ್ಲಿ ಇರುವುದಿಲ್ಲ. ಅದು ಗೊತ್ತಿರುವ ಒಬ್ಬರೂ ಹೊರಟು ನಿಂತಿದ್ದಾರೆ. ಮೊದಲ ಎರಡಕ್ಕೆ ಸಮಯ ಇದೆ, ಮೂರನೆಯದಕ್ಕೆ 30 ದಿನ ಮಾತ್ರ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ. ಟೂಲ್, ಫೋಲ್ಡರ್ ಎಲ್ಲಾ ಆಮೇಲೆ.

ಹೊರಡುವವರ ಹತ್ತಿರ ‘ಎಲ್ಲಾ ಬರೆದಿಟ್ಟು ಹೋಗಿ’ ಎಂದು ಹೇಳಬೇಡಿ. ಈ ಕೆಲಸದಲ್ಲಿ 22 ವರ್ಷ ಇದ್ದೇನೆ. ಹೀಗೆ ಹೇಳಿ ಬರೆಸಿದ ಹ್ಯಾಂಡೋವರ್ ಡಾಕ್ಯುಮೆಂಟ್ ಆಮೇಲೆ ಕೆಲಸಕ್ಕೆ ಬಂದದ್ದನ್ನು ನಾನು ನೋಡಿದ್ದು ತೀರಾ ಕಡಿಮೆ. ಅವರಿಗೆ ಕೆಲಸ ಗೊತ್ತಿಲ್ಲ ಅಂತಲ್ಲ. ಅವರಿಗೆ ಅದೆಲ್ಲಾ ಎಷ್ಟು ಸಹಜವಾಗಿದೆ ಎಂದರೆ, ಯಾವುದು ಬರೆಯಬೇಕಾದದ್ದು ಎಂದೇ ಹೊಳೆಯುವುದಿಲ್ಲ. ಅಡುಗೆ ಬಲ್ಲವರನ್ನು ಉಪ್ಪು ಎಷ್ಟು ಎಂದು ಕೇಳಿದರೆ ‘ಒಂದು ಅಂದಾಜಿಗೆ’ ಅನ್ನುತ್ತಾರಲ್ಲ, ಹಾಗೆ.

ಅದರ ಬದಲು ಕೆಲಸವನ್ನು ಈಗಲೇ ಬೇರೆಯವರ ಕೈಗೆ ಕೊಡಿ. ಮುಂದಿನ ರಿಲೀಸ್ ಅನ್ನು ಒಬ್ಬ ಜೂನಿಯರ್ ಮಾಡಲಿ. ಸೀನಿಯರ್ ಪಕ್ಕದಲ್ಲಿ ಕೂತು ನೋಡಲಿ, ಕೀಬೋರ್ಡ್ ಮುಟ್ಟಬಾರದು. ಜೂನಿಯರ್ ಎಲ್ಲೆಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲೆಲ್ಲಾ ಒಂದು ಸಾಲು ಬರೆದುಕೊಳ್ಳಲಿ. ಬರೆಯುವವರು ಕಲಿಯುವವರೇ ಆಗಬೇಕು. ಆ ಬರಹ ಮುಂದೆ ಬರುವ ಇನ್ನೊಬ್ಬ ಹೊಸಬರಿಗೂ ಅರ್ಥವಾಗುತ್ತದೆ.

ಇದರ ಜೊತೆಗೆ ‘ಕೀಲಿಗಳ’ ಪಟ್ಟಿ ಒಂದು ಬೇಕು. ಡೊಮೇನ್ ಯಾರ ಹೆಸರಿನಲ್ಲಿದೆ, ಯಾವಾಗ ರಿನ್ಯೂ ಮಾಡಬೇಕು? ಸರ್ವರ್ ಬಿಲ್ ಯಾರ ಕಾರ್ಡಿನಿಂದ ಹೋಗುತ್ತಿದೆ? ರೈತರಿಗೆ ಎಸ್‌ಎಂಎಸ್ ಕಳಿಸುತ್ತಿದ್ದರೆ, ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಿದ ಹೆಡರ್ (ಕಳಿಸುವವರ ಗುರುತು), ಟೆಂಪ್ಲೇಟ್ (ಸಂದೇಶದ ಮಾದರಿ) ಯಾರ ಲಾಗಿನ್‌ನಲ್ಲಿವೆ? ಆಂಡ್ರಾಯ್ಡ್ ಆಪ್ ಇದ್ದರೆ ಅದಕ್ಕೆ ಸಹಿ ಹಾಕುವ ಕೀಸ್ಟೋರ್ ಫೈಲ್ ಎಲ್ಲಿದೆ? ಪ್ಲೇ ಆಪ್ ಸೈನಿಂಗ್ (ಸಹಿಯ ಕೀಲಿಯನ್ನು ಗೂಗಲ್ಲೇ ಇಟ್ಟುಕೊಳ್ಳುವ ವ್ಯವಸ್ಥೆ) ಬಳಸದಿದ್ದಾಗ ಆ ಫೈಲ್ ಕಳೆದುಹೋದರೆ ಅದೇ ಆಪ್‌ಗೆ ಮತ್ತೆ ಅಪ್‌ಡೇಟ್ ಕೊಡಲು ಆಗುವುದಿಲ್ಲ. ಇವು ಯಾವುದೂ ದೊಡ್ಡ ಜ್ಞಾನ ಅಲ್ಲ. ಆದರೆ ಒಬ್ಬರು ಹೋದ ಮೇಲೆ ಕಂಪನಿ ಒದ್ದಾಡುವುದು ಹೆಚ್ಚಾಗಿ ಇಂಥವುಗಳಿಗೇ. ಎಲ್ಲಿದೆ, ಯಾರ ಹತ್ತಿರ ಇದೆ ಎನ್ನುವುದನ್ನು ಮಾತ್ರ ಪಟ್ಟಿಯಲ್ಲಿ ಬರೆಯಿರಿ. ಪಾಸ್‌ವರ್ಡ್ ಅನ್ನು ಡಾಕ್ಯುಮೆಂಟ್‌ನಲ್ಲಿ ಬರೆಯಬೇಡಿ, ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಳ್ಳಿ.

ಈಗ ನಿಮ್ಮ ಹುಡುಗರ ಮಾತಿಗೆ ಬರೋಣ. ‘ಅಜೈಲ್ ಅಂದರೆ ಡಾಕ್ಯುಮೆಂಟ್ ಬೇಡ’ ಎನ್ನುವುದು ಅರ್ಧ ಓದಿದ ಮಾತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಅಜೈಲ್ ಮ್ಯಾನಿಫೆಸ್ಟೊ ಬರೆದರು. ಎಲ್ಲವನ್ನೂ ವಿವರಿಸುವ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಕೊಡುತ್ತೇವೆ ಎಂದು ಅದರಲ್ಲಿದೆ, ನಿಜ. ಆದರೆ ಕೆಳಗೆ ಇನ್ನೊಂದು ಸಾಲೂ ಇದೆ. ಬಲಗಡೆ ಇರುವವುಗಳಿಗೂ (ಅಂದರೆ ದಾಖಲೆಯಂಥವುಗಳಿಗೂ) ಬೆಲೆ ಇದೆ, ಎಡಗಡೆಯವುಗಳಿಗೆ (ಕೆಲಸ ಮಾಡುವ ಸಾಫ್ಟ್‌ವೇರ್‌ನಂಥವುಗಳಿಗೆ) ಇನ್ನೂ ಹೆಚ್ಚು ಎಂದು. ಆ ಸಾಲನ್ನು ಯಾರೂ ಹೇಳುವುದಿಲ್ಲ. ಅವರು ಬೇಡ ಎಂದದ್ದು ಕೋಡ್ ಬರೆಯುವ ಮೊದಲೇ ಬರೆಸುತ್ತಿದ್ದ ನೂರಾರು ಪುಟಗಳ ಕಟ್ಟನ್ನು. ‘0.36 ಯಾಕೆ’ ಎಂಬ ಒಂದು ಸಾಲು ಬೇಡ ಎಂದು ಯಾರೂ ಹೇಳಿಲ್ಲ.

‘ಕೋಡೇ ಡಾಕ್ಯುಮೆಂಟ್’ ಎನ್ನುವವರೂ ಇದ್ದಾರೆ. ಅದರಲ್ಲೂ ಸತ್ಯ ಇದೆ. ಲೆಕ್ಕ ಈಗ ಹೇಗೆ ನಡೆಯುತ್ತಿದೆ ಎಂದು ಕೋಡ್‌ಗಿಂತ ಚೆನ್ನಾಗಿ ಯಾವ ಕಾಗದವೂ ಹೇಳುವುದಿಲ್ಲ. ಆದರೆ ನಿಮ್ಮ ಕಾರ್ಯದರ್ಶಿಯವರ ಪ್ರಶ್ನೆ ನೋಡಿ. 0.36 ಇದೆ ಎಂದು ಅವರಿಗೂ ಗೊತ್ತು. ಎಲ್ಲಿಂದ ಬಂತು, ಯಾರು ಹೇಳಿದ್ದು ಎಂದು ಕೇಳಿದ್ದಾರೆ. ಅದು ಕೋಡ್‌ನಲ್ಲಿ ಇರುವುದಿಲ್ಲ.

ನಿಮ್ಮ ಬಾಸ್ ಮಾತಿಗೂ ಒಂದು ಉತ್ತರ. ಟೂಲ್ ತಂದರೆ ಐದು ಜಾಗ ಒಂದಾಗುವುದಿಲ್ಲ, ಆರಾಗುತ್ತದೆ. ಮೊದಲು ಏನನ್ನು ಎಲ್ಲಿ ಇಡಬೇಕು ಎಂದು ತೀರ್ಮಾನ ಆಗಬೇಕು. ಅದು ಆದ ಮೇಲೆ ಎಷ್ಟೋ ಸಲ ಹೊಸ ಟೂಲ್ ಬೇಕಾಗುವುದೇ ಇಲ್ಲ.

ಹಾಗಾದರೆ ಮೂಲ ತೊಂದರೆ ಎಲ್ಲಿದೆ? ನನ್ನ ಅನುಭವದಲ್ಲಿ ಅದು ಒಂದೇ ಕಡೆ ಇದೆ. ಎರಡು ಬೇರೆ ಬೇರೆ ಜಾತಿಯ ದಾಖಲೆಗಳನ್ನು ನಾವು ಒಂದೇ ಎಂದುಕೊಂಡು ಕಲಸಿಬಿಡುತ್ತೇವೆ.

ಇದನ್ನು ಮಂಡ್ಯದ ಕಡೆಯವರಿಗೆ ಹೇಳುವುದು ಸುಲಭ, ಏಕೆಂದರೆ ಜಮೀನು ಇರುವ ಮನೆಯಲ್ಲಿ ಎಲ್ಲರಿಗೂ ಪಹಣಿ ಗೊತ್ತು. ಪಹಣಿ ಈಗಿನ ಸ್ಥಿತಿ ಹೇಳುತ್ತದೆ. ಜಮೀನು ಎಷ್ಟು, ಯಾರ ಹೆಸರಿನಲ್ಲಿದೆ, ಏನು ಬೆಳೆ. ಸ್ಥಿತಿ ಬದಲಾದರೆ ಪಹಣಿಯೂ ಬದಲಾಗುತ್ತದೆ. ಆದರೆ ಆ ಹೆಸರು ಹೇಗೆ ಬಂತು ಎಂಬುದು ಮ್ಯುಟೇಷನ್‌ನಲ್ಲಿ ಇರುತ್ತದೆ. ಕ್ರಯವೋ, ವಿಭಾಗವೋ, ಪೌತಿಯೋ, ಯಾವ ದಿನದ್ದು ಎಂದು. ಹೊಸ ಮ್ಯುಟೇಷನ್ ಆಯಿತು ಎಂದು ಹಳೆಯದನ್ನು ಯಾರೂ ಅಳಿಸಿಹಾಕುವುದಿಲ್ಲ. ಮುಖ್ಯವಾದದ್ದು ಇನ್ನೊಂದಿದೆ. ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆಗೇ ಎಂಆರ್ ನಂಬರ್ (ಮ್ಯುಟೇಷನ್ ರಿಜಿಸ್ಟರ್‌ನ ಸಂಖ್ಯೆ) ಇರುತ್ತದೆ. ‘ಈ ಹೆಸರು ಯಾಕೆ ಇಲ್ಲಿದೆ’ ಎಂದು ಅನುಮಾನ ಬಂದರೆ ಆ ನಂಬರ್ ಹಿಡಿದು ಹಿಂದಕ್ಕೆ ಹೋಗಬಹುದು.

ಸಾಫ್ಟ್‌ವೇರ್ ಪ್ರಾಜೆಕ್ಟಿಗೂ ಬೇಕಾದದ್ದು ಇಷ್ಟೇ. ‘ಈಗ ಹೇಗಿದೆ’ ಎನ್ನುವ ಪುಟಗಳು ಒಂದು ಕಡೆ. ಅವನ್ನು ತಿದ್ದುತ್ತಲೇ ಇರಬೇಕು, ಹಳೆಯದು ಉಳಿಯಬಾರದು. ‘ಯಾವಾಗ, ಯಾಕೆ, ಯಾರು ಹೇಳಿ ಹೀಗಾಯಿತು’ ಎನ್ನುವ ನಮೂದುಗಳು ಇನ್ನೊಂದು ಕಡೆ. ಅವನ್ನು ತಿದ್ದುವಂತೆಯೇ ಇಲ್ಲ, ಕೆಳಗೆ ಸೇರಿಸುತ್ತಾ ಹೋಗಬೇಕು. ಮೊದಲನೆಯದರ ಸಾಲುಗಳಲ್ಲಿ ಎರಡನೆಯದರ ನಂಬರ್ ಇರಬೇಕು.

ಇದು ಗೊತ್ತಿಲ್ಲದೆ ನಾನು ಒಮ್ಮೆ ದೊಡ್ಡ ಬೆಲೆ ಕೊಟ್ಟಿದ್ದೇನೆ. ಆಗ ನಾನಿದ್ದ ಕಂಪನಿಯಲ್ಲಿ 180 ಪುಟದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಇತ್ತು. ಅದನ್ನು ತುಂಬಾ ಶ್ರದ್ಧೆಯಿಂದ ಅಪ್‌ಡೇಟ್ ಮಾಡುತ್ತಿದ್ದೆ. ಕ್ಲೈಂಟ್ ಏನು ಹೇಳಿದರೂ ಆ ದಿನವೇ ಹಳೆಯ ಸಾಲು ತೆಗೆದು ಹೊಸದು ಬರೆಯುತ್ತಿದ್ದೆ. ವರ್ಷದ ಕೊನೆಗೆ ಬಿಲ್ ಕಳಿಸಿದಾಗ ಅವರು ‘ಇದೆಲ್ಲಾ ಮೊದಲಿನಿಂದ ಇದ್ದದ್ದೇ, ಹೆಚ್ಚಿನ ಹಣ ಯಾಕೆ’ ಎಂದರು. ನನ್ನ ಡಾಕ್ಯುಮೆಂಟ್ ಕೂಡ ಹಾಗೇ ಹೇಳುತ್ತಿತ್ತು. ಆರು ಜನರ ಎರಡು ತಿಂಗಳ ದುಡಿಮೆಗೆ ಹಣ ಬರಲಿಲ್ಲ. ಆ ಆರು ಜನರ ಮುಖ ಇವತ್ತಿಗೂ ನೆನಪಿದೆ.

‘ಗೂಗಲ್ ಡಾಕ್‌ನಲ್ಲಿ ವರ್ಷನ್ ಹಿಸ್ಟರಿ ಇರುತ್ತಲ್ವಾ?’ ಎಂದು ನೀವು ಕೇಳಬಹುದು. ಇರುತ್ತದೆ. ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರು ಎಂದು ತೋರಿಸುತ್ತದೆ. ಯಾಕೆ ಬದಲಿಸಿದರು, ಯಾರು ಒಪ್ಪಿದರು ಎಂದು ತೋರಿಸುವುದಿಲ್ಲ.

ನಿರ್ಧಾರದ ನಮೂದು ಹೇಗಿರಬೇಕು ಎಂಬುದಕ್ಕೆ ಒಂದು ಸರಳ ಕ್ರಮ ಈಗಾಗಲೇ ಇದೆ. 2011ರಲ್ಲಿ ಮೈಕೆಲ್ ನೈಗಾರ್ಡ್ ಎಂಬ ಅಮೆರಿಕದ ಎಂಜಿನಿಯರ್ ಸೂಚಿಸಿದ್ದು. ಶೀರ್ಷಿಕೆ, ಈಗಿನ ಸ್ಥಿತಿ, ಹಿನ್ನೆಲೆ, ನಿರ್ಧಾರ, ಅದರ ಪರಿಣಾಮ, ಇಷ್ಟೇ. ಅವರು ಸಾಫ್ಟ್‌ವೇರ್ ರಚನೆಯ ನಿರ್ಧಾರಗಳಿಗೆ ಹೇಳಿದ್ದು. ನಾನು ಕ್ಲೈಂಟ್ ಜೊತೆಗಿನ ತೀರ್ಮಾನಗಳಿಗೂ ಅದನ್ನೇ ಬಳಸುತ್ತೇನೆ. ನಿಮ್ಮ 0.36ರ ವಿಷಯ ಅಂದೇ ಬರೆದಿದ್ದರೆ ಸುಮಾರು ಹೀಗಿರುತ್ತಿತ್ತು:

‘ನಿರ್ಧಾರ 17. ಎಸ್‌ಎನ್‌ಎಫ್ ಸೂತ್ರದ ಕೊನೆಯ ಅಂಕಿ. ಸ್ಥಿತಿ: ಜಾರಿಯಲ್ಲಿದೆ. ಹಿನ್ನೆಲೆ: ಲ್ಯಾಕ್ಟೋಮೀಟರ್ ರೀಡಿಂಗ್ ಮತ್ತು ಫ್ಯಾಟ್‌ನಿಂದ ಎಸ್‌ಎನ್‌ಎಫ್ ಲೆಕ್ಕ ಹಾಕುತ್ತೇವೆ. ಕೊನೆಗೆ ಕೂಡಿಸುವ ಅಂಕಿ ಎಲ್ಲಾ ಕಡೆ ಒಂದೇ ಇಲ್ಲ. ನಿರ್ಧಾರ: 0.36 ಬಳಸುವುದು. ಹೇಳಿದವರು ಇಂಥವರು, ಇಂಥ ದಿನ, ವಾಟ್ಸಾಪ್ ಸಂದೇಶದ ಚಿತ್ರ ಲಗತ್ತಿಸಿದೆ. ಪರಿಣಾಮ: ಬೇರೆ ಅಂಕಿ ಬಳಸುವ ಸಂಘ ಸೇರಿದರೆ ಇದನ್ನು ಸಂಘಕ್ಕೊಂದು ಸೆಟ್ಟಿಂಗ್ ಮಾಡಬೇಕಾಗುತ್ತದೆ.’

ಬರೆಯಲು ಹತ್ತು ನಿಮಿಷ ಸಾಕು. ಇದು ಸಣ್ಣ ವಿಷಯ ಅಲ್ಲ ಎಂದು ನಿಮಗೂ ಗೊತ್ತು. ಎಸ್‌ಎನ್‌ಎಫ್ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ಹಾಲಿನ ದರ ಇಳಿಯುತ್ತದೆ. ಎರಡು ಹಸು ಕಟ್ಟಿಕೊಂಡವರ ಬಟವಾಡೆ ಅದು. ಕಾರ್ಯದರ್ಶಿ ಕೇಳುವುದು ನ್ಯಾಯ, ನಮ್ಮ ಹತ್ತಿರ ಉತ್ತರ ಇರಬೇಕು.

ಮುಂದೆ ಅಂಕಿ ಬದಲಾದರೆ 17ನ್ನು ತಿದ್ದಬೇಡಿ. 31 ಎಂದು ಹೊಸದು ಬರೆಯಿರಿ. 17ರ ಸ್ಥಿತಿಯ ಜಾಗದಲ್ಲಿ ಮಾತ್ರ ‘ರದ್ದಾಗಿದೆ, 31 ನೋಡಿ’ ಎಂದು ಹಾಕಿ. ಕೋಡ್‌ನಲ್ಲಿ ಆ ಅಂಕಿಯ ಪಕ್ಕದಲ್ಲಿ ನಿರ್ಧಾರದ ನಂಬರ್ ಬರೆಯಿರಿ. ಪಹಣಿಯಲ್ಲಿ ಎಂಆರ್ ನಂಬರ್ ಇದ್ದ ಹಾಗೆ.

ಭಾಷೆಯ ವಿಷಯ ಒಂದು ಹೇಳಲೇಬೇಕು. ನಮ್ಮ ಕಡೆಯ ಟೀಮುಗಳು ಕನ್ನಡದಲ್ಲಿ ಚರ್ಚೆ ಮಾಡಿ ಇಂಗ್ಲಿಷಿನಲ್ಲಿ ಮಿನಿಟ್ಸ್ ಬರೆಯುತ್ತವೆ. ಒಂದು ಗಂಟೆಯ ಮಾತು ನಾಲ್ಕು ಒಣ ಸಾಲು ಆಗುತ್ತದೆ. ಇನ್ನೂ ದೊಡ್ಡ ತೊಂದರೆ ಪದಗಳದ್ದು. ಕಾರ್ಯದರ್ಶಿ ‘ಬಟವಾಡೆ’ ಎಂದರು ಅನ್ನಿ. ಒಬ್ಬರು ಅದನ್ನು ಪೇಮೆಂಟ್ ಎಂದು, ಇನ್ನೊಬ್ಬರು ಸೆಟಲ್‌ಮೆಂಟ್ ಎಂದು, ಮತ್ತೊಬ್ಬರು ಡಿಸ್ಬರ್ಸ್‌ಮೆಂಟ್ ಎಂದು ಬರೆಯುತ್ತಾರೆ. ಆರು ತಿಂಗಳ ಮೇಲೆ ಹುಡುಕಿದರೆ ಮೂರರಲ್ಲಿ ಒಂದು ಮಾತ್ರ ಸಿಗುತ್ತದೆ. ಹೊಸಬರಂತೂ ಇವು ಮೂರು ಬೇರೆ ವಿಷಯ ಎಂದೇ ತಿಳಿಯುತ್ತಾರೆ. ಕ್ಲೈಂಟ್ ಹೇಳಿದ್ದನ್ನು ಅವರ ಮಾತಿನಲ್ಲೇ, ಕನ್ನಡದಲ್ಲೇ ಬರೆದುಕೊಳ್ಳಿ. ಬಟವಾಡೆ, ಕಡಿತ, ಮುಂಗಡ, ಷೇರು ಹಣ, ಇಂಥ ಪದಗಳಿಗೆ ಕೋಡ್‌ನಲ್ಲಿ ಏನು ಹೆಸರು ಇದೆ ಎಂದು ಒಂದು ಪುಟದ ಪಟ್ಟಿ ಮಾಡಿ. ನನಗೆ ಕೇಳಿದರೆ, ಆ ಒಂದು ಪುಟ ನಿಮ್ಮ ಡಿಸೈನ್ ಡಾಕ್ಯುಮೆಂಟ್‌ಗಿಂತ ಜಾಸ್ತಿ ಸಲ ತೆರೆಯಲ್ಪಡುತ್ತದೆ.

ನಿಮ್ಮ ಫೋಲ್ಡರ್ ಯಾಕೆ ಯಾರೂ ಬಳಸಲಿಲ್ಲ ಎಂದು ಬೇಸರ ಮಾಡಿಕೊಂಡಿದ್ದೀರಿ. ಬಹುಶಃ ನೀವು ‘ಮೀಟಿಂಗ್’, ‘ಡಿಸೈನ್’, ‘ಟೆಸ್ಟಿಂಗ್’, ‘ಕ್ಲೈಂಟ್’ ಎಂದು ವಿಂಗಡಿಸಿರಬೇಕು. ಅದು ಬರೆದವರ ಕಡೆಯಿಂದ ನೋಡುವ ಜೋಡಣೆ. ಹುಡುಕುವವರ ತಲೆಯಲ್ಲಿ ಇರುವುದು ಒಂದು ಪ್ರಶ್ನೆ. ‘ಸರ್ವರ್ ನಿಂತಿದೆ, ಈಗ ಏನು ಮಾಡಲಿ?’ ‘ಈ ಸಂಘಕ್ಕೆ ಏನೇನು ಕೊಡುತ್ತೇವೆ ಎಂದು ಒಪ್ಪಿದ್ದೇವೆ?’ ‘ಇದು ಯಾಕೆ ಹೀಗಿದೆ?’ ‘ನಾನು ಹೊಸಬ, ಎಲ್ಲಿಂದ ಶುರು ಮಾಡಲಿ?’ ಆ ಪ್ರಶ್ನೆಗಳನ್ನೇ ಬಾಗಿಲು ಮಾಡಿ. ಒಂದೇ ಒಂದು ಮುಖಪುಟ, ಅದರಲ್ಲಿ ಏಳೆಂಟು ಪ್ರಶ್ನೆ, ಪ್ರತಿಯೊಂದಕ್ಕೂ ಒಂದು ಲಿಂಕ್. ಒಳಗಿನ ಫೋಲ್ಡರ್ ಹೇಗಿದ್ದರೂ ಆಗ ಅಷ್ಟು ತೊಂದರೆ ಇಲ್ಲ. ಎರಡು ವಾರ ಟೀಮಿನಲ್ಲಿ ಯಾರು ಯಾರಿಗೆ ಏನು ಕೇಳುತ್ತಾರೆ ಎಂದು ಸುಮ್ನೆ ಗುರುತು ಹಾಕಿಕೊಳ್ಳಿ. ಮುಖಪುಟ ತಾನಾಗಿ ಸಿದ್ಧವಾಗುತ್ತದೆ. ಬಾಸ್‌ಗೆ ತೋರಿಸಲು ನಿಮ್ಮದೇ ಆಫೀಸಿನ ಲೆಕ್ಕವೂ ಸಿಗುತ್ತದೆ.

ಎಲ್ಲಿ ಇಡುವುದು? ನಿಮ್ಮ ಮುಂದೆ ಮೂರು ದಾರಿ ಇವೆ.

ಈಗಿರುವ ಗೂಗಲ್ ಡ್ರೈವ್‌ನಲ್ಲೇ ಮುಂದುವರಿಯಬಹುದು. ಎಲ್ಲರಿಗೂ ಅಭ್ಯಾಸ ಇದೆ, ಕನ್ನಡ ಟೈಪ್ ಮಾಡುವುದೂ ಸುಲಭ. ಅಪಾಯ ಮಾಲೀಕತ್ವದ್ದು. ಮಾಮೂಲಿ ಡ್ರೈವ್‌ನಲ್ಲಿ ಫೈಲ್ ಮಾಡಿದವರೇ ಅದರ ಮಾಲೀಕರು. ನಿಮ್ಮ ಸೀನಿಯರ್ ತಮ್ಮ ಸ್ವಂತ ಜಿಮೇಲ್‌ನಿಂದ ಫೈಲ್ ಮಾಡಿದ್ದರೆ ಅವರ ಜೊತೆಗೇ ಅವು ಹೋದಂತೆ. ಗೂಗಲ್ ವರ್ಕ್‌ಸ್ಪೇಸ್‌ನ (ಸಂಸ್ಥೆಗಳಿಗೆ ಕೊಡುವ ಖಾತೆ) ಶೇರ್ಡ್ ಡ್ರೈವ್‌ನಲ್ಲಿ ಫೈಲ್ ಸಂಸ್ಥೆಗೆ ಸೇರುತ್ತದೆ. ಇದನ್ನು ಇದೇ ವಾರ ನೋಡಿ, ಮುಂದೂಡಬೇಡಿ.

ಕಾನ್‌ಫ್ಲುಯೆನ್ಸ್ ಥರದ ವಿಕಿ (ಎಲ್ಲರೂ ಬರೆದು ತಿದ್ದಬಹುದಾದ ಪುಟಗಳ ತಾಣ) ಎರಡನೆಯದು. ಜಿರಾ ಬಳಸುವವರಿಗೆ ಟಿಕೆಟ್ (ಒಂದೊಂದು ಕೆಲಸದ ನಮೂದು) ಮತ್ತು ಪುಟ ಜೋಡಿಸಲು ತುಂಬಾ ಅನುಕೂಲ. ಉಚಿತ ಪ್ಲಾನ್ 10 ಜನರಿಗೆ, ನೀವು 14 ಇದ್ದೀರಿ, ಹಾಗಾಗಿ ತಿಂಗಳು ತಿಂಗಳು ಖರ್ಚು ಇದೆ. ಖರ್ಚಿಗಿಂತ ನನಗೆ ಭಯ ಬೇರೆಯದು. ವಿಕಿಯಲ್ಲಿ ಪುಟ ಮಾಡುವುದು ಅತಿ ಸುಲಭ, ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ಎರಡು ವರ್ಷದಲ್ಲಿ ಒಂದೇ ವಿಷಯಕ್ಕೆ ನಾಲ್ಕು ಪುಟ ಇರುತ್ತವೆ, ಯಾವುದು ಸರಿ ಎಂದು ಗೊತ್ತಾಗುವುದಿಲ್ಲ. ತಪ್ಪು ಪುಟ ನಂಬಿ ಕೆಲಸ ಮಾಡುವುದಕ್ಕಿಂತ ಪುಟ ಇಲ್ಲದಿರುವುದೇ ವಾಸಿ. ಇಲ್ಲದಿದ್ದರೆ ಯಾರನ್ನಾದರೂ ಕೇಳುತ್ತಾರೆ.

ಮೂರನೆಯದು ಕೋಡ್ ಜೊತೆಗೇ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನು ಉಳಿಸಿಡುವ ವ್ಯವಸ್ಥೆ) ಮಾರ್ಕ್‌ಡೌನ್ (ಸರಳ ಪಠ್ಯದ) ಫೈಲ್ ಇಡುವುದು. ಕೋಡ್ ಬದಲಾದಾಗ ದಾಖಲೆಯೂ ಅದೇ ರಿವ್ಯೂನಲ್ಲಿ ಬದಲಾಗುತ್ತದೆ. ಡೆವಲಪರ್‌ಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನಿಮ್ಮ ಸಪೋರ್ಟ್ ಹುಡುಗಿ, ಊರೂರು ಸುತ್ತಿ ಟ್ರೈನಿಂಗ್ ಕೊಡುವವರು ಗಿಟ್ ತೆರೆಯುವುದಿಲ್ಲ. ಅವರು ಹೊರಗೆ ಉಳಿದರೆ ಕ್ಲೈಂಟ್ ಮಾತು ಒಳಗೆ ಬರುವುದೇ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸದು ಏನೂ ಕೊಳ್ಳುವುದಿಲ್ಲ. ಮುಖಪುಟ, ನಿರ್ಧಾರಗಳು, ಕ್ಲೈಂಟ್ ಒಪ್ಪಿಗೆ, ಪದಗಳ ಪಟ್ಟಿ ಶೇರ್ಡ್ ಡ್ರೈವ್‌ನಲ್ಲಿ. ಸರ್ವರ್, ರಿಲೀಸ್, ಇನ್‌ಸ್ಟಾಲೇಷನ್ ಗಿಟ್‌ನಲ್ಲಿ. ಕೆಲಸದ ಪಟ್ಟಿ ಜಿರಾದಲ್ಲೇ ಇರಲಿ.

ವಾಟ್ಸಾಪ್ ನಿಲ್ಲಿಸಲು ಹೋಗಬೇಡಿ. ಕಾರ್ಯದರ್ಶಿಗಳು ಬೆಳಿಗ್ಗೆ ಹಾಲು ಅಳೆಯುತ್ತಾ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಇಮೇಲ್ ಮಾಡಿ ಎಂದರೆ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಅಲ್ಲಿ ಬಂದದ್ದನ್ನು ಅದೇ ದಿನ ನಿರ್ಧಾರದ ಪಟ್ಟಿಗೆ ಸೇರಿಸಿ. ‘ನೀವು ಹೇಳಿದ್ದು ಹೀಗೆ ಎಂದು ಬರೆದುಕೊಂಡಿದ್ದೇವೆ, ಸರಿ ಇದೆಯಾ ಸರ್?’ ಎಂದು ಅದೇ ಗುಂಪಿನಲ್ಲಿ ಹಾಕಿ. ಅವರು ‘ಸರಿ’ ಎಂದರೆ ಅದೇ ಒಪ್ಪಿಗೆ. ಹಣದ ಬದಲಾವಣೆ ಇದ್ದರೆ ಮಾತ್ರ ಸಂಘದ ಲೆಟರ್‌ಹೆಡ್‌ನಲ್ಲಿ ಸಹಿ ತೆಗೆದುಕೊಳ್ಳಿ.

1,100 ಫೈಲುಗಳನ್ನು ವಿಂಗಡಿಸಬೇಡಿ. ನಿಮ್ಮ ಭಾನುವಾರಗಳು ಮನೆಗೆ ಸೇರಿದವು. ಎಲ್ಲವನ್ನೂ ‘ಹಳೆಯದು’ ಎಂಬ ಒಂದೇ ಫೋಲ್ಡರಿಗೆ ಹಾಕಿ, ದಿನಾಂಕ ಬರೆದು, ಓದಲು ಮಾತ್ರ ಬಿಡಿ. ಯಾವುದಾದರೂ ಬೇಕಾದ ದಿನ ಅದನ್ನು ಹೊರತೆಗೆದು ಸರಿಯಾದ ಜಾಗಕ್ಕೆ ಹಾಕಿ. ಎರಡು ಬಗೆಯವನ್ನು ಮಾತ್ರ ಈಗಲೇ ಹೆಕ್ಕಿ. ಸಹಿ ಇರುವ ಒಪ್ಪಂದ, ಬಿಲ್ಲು ಒಂದು. ಇನ್ನೊಂದು, ರೈತರ ಬ್ಯಾಂಕ್ ಖಾತೆ, ಆಧಾರ್, ಫೋನ್ ನಂಬರ್ ಇರುವ ಎಕ್ಸೆಲ್‌ಗಳು. ಟೆಸ್ಟ್ ಮಾಡಲು ಎಂದು ಯಾರೋ ಇಳಿಸಿಕೊಂಡು ಹಾಗೇ ಬಿಟ್ಟಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಒಂದು ಕಡೆ ಇರಲಿ, ನಂಬಿ ಕೊಟ್ಟವರ ವಿವರ ಅದು. ಬಳಕೆ ಮುಗಿದ ಪ್ರತಿಗಳನ್ನು ಲ್ಯಾಪ್‌ಟಾಪ್, ವಾಟ್ಸಾಪ್ ಎಲ್ಲಾ ಕಡೆಯಿಂದ ಅಳಿಸಿಸಿ.

ಇದು ನಡೆದುಕೊಂಡು ಹೋಗಬೇಕಾದರೆ ಪ್ರತಿ ಪುಟದ ಮೇಲೆ ಒಬ್ಬರ ಹೆಸರು ಮತ್ತು ಕೊನೆಯದಾಗಿ ನೋಡಿದ ದಿನಾಂಕ ಇರಲಿ. ‘ಟೀಮ್’ ಎಂದು ಬರೆದರೆ ಯಾರದ್ದೂ ಅಲ್ಲ ಎಂದೇ ಅರ್ಥ. ಲೆಕ್ಕದ ಸೂತ್ರ ಮುಟ್ಟುವ ಟಿಕೆಟ್, ನಿರ್ಧಾರದ ನಂಬರ್ ಇಲ್ಲದೆ ಮುಚ್ಚಬಾರದು ಎಂದು ಒಂದೇ ನಿಯಮ ಮಾಡಿ. ಹತ್ತು ನಿಯಮ ಮಾಡಿದರೆ ಒಂದೂ ಉಳಿಯುವುದಿಲ್ಲ.

ಇನ್ನೊಂದು ಅಪಾಯ ನಿಮಗೇ ಸಂಬಂಧಿಸಿದ್ದು. ಮುತುವರ್ಜಿ ಇರುವವರ ಮೇಲೆ ಬರೆಯುವ ಕೆಲಸ ಪೂರ್ತಿ ಬೀಳುತ್ತದೆ. ಆಮೇಲೆ ನೀವು ರಜೆ ಹಾಕಿದ ವಾರ ದಾಖಲೆಯೂ ರಜೆ. ಮಿನಿಟ್ಸ್ ಬರೆಯುವುದು ಸರದಿ ಮೇಲೆ ನಡೆಯಲಿ. ನೀವು ನೋಡಿ ಸರಿಪಡಿಸಿ, ಅಷ್ಟೇ. ಮೊದಲ ತಿಂಗಳು ಚೆನ್ನಾಗಿ ಬರುವುದಿಲ್ಲ. ಪರವಾಗಿಲ್ಲ, ಅವರ ಕೈಯಿಂದಲೇ ಬರಲಿ.

ನಾಳೆ ಬೆಳಿಗ್ಗೆ ಆ ಸೀನಿಯರ್ ಜೊತೆ ಒಂದು ಗಂಟೆ ಕೂರಿ. ಕೋಡ್‌ನಲ್ಲಿರುವ ಅಂಕಿಗಳನ್ನು, ವಿಚಿತ್ರ ಎನಿಸುವ ಸಾಲುಗಳನ್ನು ಒಂದೊಂದಾಗಿ ತೋರಿಸಿ ‘ಇದು ಯಾಕೆ?’ ಎಂದಷ್ಟೇ ಕೇಳಿ. ಅವರು ಮಾತಾಡಲಿ, ಅವರ ಅನುಮತಿ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಜೂನಿಯರ್ ಅದನ್ನು ಕೇಳಿ ನಮೂದುಗಳಾಗಿ ಬರೆಯಲಿ. 0.36ರಿಂದಲೇ ಶುರು ಮಾಡಿ. ಉತ್ತರ ಸಿಕ್ಕಿದ ದಿನವೇ ಆ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಹೇಳಿ. ಸೀನಿಯರ್‌ಗೂ ನೆನಪಿಲ್ಲ ಎಂದಾದರೆ ಅದನ್ನೂ ಹಾಗೇ ಹೇಳಿ. ಸಂಘದವರನ್ನೇ ಕೇಳಿ ಸರಿಯಾದ ಅಂಕಿ ತಿಳಿದುಕೊಂಡು, ದಿನಾಂಕ ಹಾಕಿ, ನಿರ್ಧಾರ 1 ಎಂದು ಬರೆಯಿರಿ.